ವಿಲಿಯಂ ಜೇಮ್ಸ್ ಮತ್ತು ಫಿಲಿಪೀನ್ಸ್ ಪ್ರಶ್ನೆ

ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಲಿಯಂ ಜೇಮ್ಸರು (1842–1910) ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಅಪರಿಚಿತರಲ್ಲ. 1890ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದ ಅವರ ಮಹಾಗ್ರಂಥದಲ್ಲಿನ ಪ್ರಜ್ಞಾಪ್ರವಾಹದ ವರ್ಣನೆ, ಅಭ್ಯಾಸಬಲದ ವಿವೇಚನೆ ಇವು ಪಠ್ಯಗಳಲ್ಲಿ ನೆಲೆಗೊಂಡಿವೆ. ಅದೇ ಲೇಖನಿಯು ವೃತ್ತಪತ್ರಿಕೆಯ ಅಂಕಣಗಳಲ್ಲಿ ತಮ್ಮ ದೇಶದ ಅಧಿಕಾರಸ್ಥರನ್ನು ಎದುರಿಸಿತೆಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆ ವಿರೋಧವು ಅವರ ಶಾಸ್ತ್ರಕ್ಕೆ ಹೊರಗಿನದಾಗಿರದೆ ಅದರಿಂದಲೇ ಹುಟ್ಟಿತೆಂಬುದು ನಮ್ಮ ಅಭಿಪ್ರಾಯ.

ಸ್ಪೇನಿನೊಡನೆ ಯುದ್ಧ ಆರಂಭವಾದಾಗ ಜೇಮ್ಸರು ಅದರಲ್ಲಿ ಸ್ವಲ್ಪಮಟ್ಟಿನ ಸದುದ್ದೇಶವನ್ನೇ ಕಂಡಿದ್ದರು. ಆದರೆ 1898ರ ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಂತೆ ಎರಡು ಕೋಟಿ ಡಾಲರುಗಳಿಗೆ ಫಿಲಿಪೀನ್ಸ್ ದ್ವೀಪಸಮೂಹವು ಅಮೆರಿಕದ ಕೈಸೇರಿತು. ಅಗಿನಾಲ್ಡೊ ಅವರ ನೇತೃತ್ವದಲ್ಲಿ ಅಲ್ಲಿಯ ಜನ ಜೂನ್ ತಿಂಗಳಲ್ಲಿಯೇ ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿದ್ದುದು ಲೆಕ್ಕಕ್ಕೆ ಬರಲಿಲ್ಲ. 1899ರ ಫೆಬ್ರವರಿ 4ರಂದು ಮನಿಲಾದ ಬಳಿ ಕಾಳಗ ಮೊದಲಾಯಿತು.

ಆ ವರ್ಷ ಬಾಸ್ಟನ್ನಿನ ‘ಟ್ರಾನ್ಸ್‌ಕ್ರಿಪ್ಟ್’ ಪತ್ರಿಕೆಗೆ ಜೇಮ್ಸರು ಬರೆದ ಪತ್ರಗಳ ಮುಖ್ಯ ಆಕ್ಷೇಪಣೆಯೆಂದರೆ, ಒಂದು ಜನಾಂಗಕ್ಕೆ ಅಂತರಂಗವೊಂದುಂಟೆಂಬುದನ್ನೇ ವಾಷಿಂಗ್ಟನ್ನಿನವರು ಕಾಣಲಿಲ್ಲವೆಂಬುದು. ಅವರಿಗೆ ಆ ಜನ ದಾರಿಗಡ್ಡವಾದ ಜಡವಸ್ತುವಾಗಿ ತೋರಿದರು. ಇದೇ ವರ್ಷ ಗ್ರಂಥರೂಪದಲ್ಲಿ ಬಂದ ಅವರ ಒಂದು ಉಪನ್ಯಾಸದ ವಿಷಯ, ಮನುಷ್ಯರಲ್ಲಿರುವ ಒಂದು ಬಗೆಯ ಕುರುಡು. ಒಬ್ಬನ ಬಾಳಿಗೆ ಅರ್ಥವನ್ನು ಕೊಡುವುದು ಅವನೊಳಗೇ ಇರುತ್ತದೆ. ಹೊರಗಿನಿಂದ ನೋಡುವವನಿಗೆ ಅದು ಕಾಣದು. ಉಪಾಧ್ಯಾಯರಿಗಾಗಿ ಸಿದ್ಧವಾದ ಗ್ರಂಥದಲ್ಲಿ ಸೇರಿದ ಈ ಮಾತನ್ನೂ ಆ ಪತ್ರಗಳನ್ನೂ ಜೊತೆಯಲ್ಲಿಟ್ಟು ಓದಿದರೆ, ವ್ಯಕ್ತಿಗೆ ಅನ್ವಯಿಸಿದ ತತ್ತ್ವವೇ ರಾಷ್ಟ್ರಕ್ಕೂ ವಿಸ್ತರಿಸಿರುವುದು ಸ್ಪಷ್ಟವಾಗುತ್ತದೆ.

ಏಪ್ರಿಲ್ 10ರಂದು ಥಿಯೊಡೋರ್ ರೂಸ್‌ವೆಲ್ಟರು ಷಿಕಾಗೋದಲ್ಲಿ ಶ್ರಮಸಾಹಸದ ಜೀವನವನ್ನು ಕೊಂಡಾಡಿ ಭಾಷಣ ಮಾಡಿದರು. ಆಗ ಅವರು ನ್ಯೂಯಾರ್ಕಿನ ಗವರ್ನರ್. ಹಿಂದೆ ಜೇಮ್ಸರ ತರಗತಿಯಲ್ಲಿ ಕುಳಿತಿದ್ದವರು. ಐದು ದಿನಗಳೊಳಗೆ ಗುರುಗಳ ಉತ್ತರ ಅಚ್ಚಾಯಿತು: ವಯಸ್ಸು ನಡುಹರೆಯದ್ದಾದರೂ ಶಿಷ್ಯರ ಮನಸ್ಸು ಇನ್ನೂ ಹದಿಹರೆಯದ ಆವೇಗವನ್ನು ದಾಟಿಲ್ಲವೆಂದು ಅವರ ತೀರ್ಪು. ಮಾತು ಚುರುಕಾಗಿದೆ. ಆದರೆ ಶಾಸ್ತ್ರದ ಪರಿಭಾಷೆಯನ್ನು ನಿಂದೆಗೆ ಬಳಸಿದಂತಾಯಿತೆಂದು ಹೇಳದೆ ವಿಧಿಯಿಲ್ಲ. ಎದುರಾಳಿಯ ಅಂತರಂಗವೂ ಹೊರಗಿನವರಿಗೆ ಮರೆಯೇ ಅಲ್ಲವೆ?

ಶೌರ್ಯವನ್ನು ಜೇಮ್ಸರು ಹಗುರವಾಗಿ ಕಂಡವರಲ್ಲ. ಅಂತರ್ಯುದ್ಧದಲ್ಲಿ ಅವರು ಸೈನ್ಯ ಸೇರಲಿಲ್ಲ; ತಮ್ಮ ವಿಲ್ಕಿನ್ಸನ್ ಕಪ್ಪುಜನರ 54ನೆಯ ಮೆಸಚೂಸೆಟ್ಸ್ ದಳದಲ್ಲಿ ಅಧಿಕಾರಿಯಾಗಿದ್ದು, 1863ರಲ್ಲಿ ವಾಗ್ನರ್ ಕೋಟೆಯ ಮುತ್ತಿಗೆಯಲ್ಲಿ ತೀವ್ರವಾಗಿ ಗಾಯಗೊಂಡನು. 1897ರ ಮೇ 31ರಂದು ಆ ದಳದ ನಾಯಕ ರಾಬರ್ಟ್ ಷಾ ಅವರ ಸ್ಮಾರಕದ ಅನಾವರಣ ಸಮಾರಂಭದಲ್ಲಿ ಭಾಷಣ ಮಾಡಬೇಕಾದವರು ಅಣ್ಣನೇ. ರಣರಂಗದ ಧೈರ್ಯ ಮನುಷ್ಯಜಾತಿಗೆ ಸುಲಭವಾಗಿ ಬರುವಂಥದು, ಸಂಗಡಿಗರಿಲ್ಲದೆ ಒಬ್ಬಂಟಿಯಾಗಿ ನಿಲ್ಲುವ ನಾಗರಿಕ ಧೈರ್ಯವೇ ವಿರಳ ಎಂದು ಅಲ್ಲಿ ಅವರು ವಾದಿಸಿದರು. ಸೈನಿಕನ ಸ್ಮಾರಕದ ಮುಂದೆ ಹೀಗೆ ಹೇಳುವುದಕ್ಕೂ ಆ ಬಗೆಯ ಧೈರ್ಯ ಬೇಕಷ್ಟೆ.

ಈ ವಿಚಾರವೇ 1906ರ ಸ್ಟ್ಯಾನ್‌ಫರ್ಡ್ ಉಪನ್ಯಾಸದಲ್ಲಿ ಬೆಳೆದು, 1910ರಲ್ಲಿ ‘ಯುದ್ಧದ ನೈತಿಕ ಪರ್ಯಾಯ’ವೆಂಬ ಪ್ರಬಂಧವಾಯಿತು. ಯುದ್ಧವು ಪೋಷಿಸುವ ಶಿಸ್ತನ್ನೂ ತ್ಯಾಗವನ್ನೂ ಒಪ್ಪಿಕೊಂಡು, ಸಿರಿವಂತರ ಮಕ್ಕಳೂ ಸೇರಿದಂತೆ ತರುಣರೆಲ್ಲರನ್ನೂ ಕೆಲವು ವರ್ಷ ಗಣಿಗಳಿಗೆ, ಮೀನುಗಾರಿಕೆಯ ಹಡಗುಗಳಿಗೆ, ರಸ್ತೆಯ ಕೆಲಸಕ್ಕೆ ಕಳುಹಿಸಬೇಕೆಂಬುದು ಅಲ್ಲಿನ ಸಲಹೆ. ಆ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಎಡೆಯಿಲ್ಲದಿರುವುದು ಇಂದಿನ ಓದುಗನಿಗೆ ಕೊರತೆಯಾಗಿಯೇ ಕಾಣುತ್ತದೆ. ಅದೇ ವರ್ಷದ ಆಗಸ್ಟ್ 26ರಂದು ಜೇಮ್ಸರು ತೀರಿಕೊಂಡರು. ಫಿಲಿಪೀನ್ಸ್ ಸ್ವತಂತ್ರವಾದದ್ದು 1946ರ ಜುಲೈ 4ರಂದು.