ಗೋವೆಯ ದಂಡೆಯಿಂದ ಕೇಳಿದ ಕಡಲು: ‘ಫ್ಲೆಶ್ ಅಂಡ್ ಬ್ಲಡ್’ ಧ್ವನಿನಾಟಕ ಮತ್ತು 1587ರ ಜಪಾನಿ ಯಾತ್ರಿಕರು

ಮತ್ಸುಓಕ ನತ್ಸುಕಿ ಅವರ ‘ಫ್ಲೆಶ್ ಅಂಡ್ ಬ್ಲಡ್’ ಕಾದಂಬರಿಮಾಲೆ 2001ರಲ್ಲಿ ಟೋಕುಮ ಶೋತೆನ್ ಪ್ರಕಾಶನದ ಕ್ಯಾರಾ ಬುಂಕೊ ಮಾಲಿಕೆಯಲ್ಲಿ ಆರಂಭವಾಯಿತು. ಗಂಡಸರಿಬ್ಬರ ಪ್ರೇಮವನ್ನು ವಸ್ತುವಾಗಿ ಉಳ್ಳ, ಜಪಾನಿನಲ್ಲಿ ‘ಬಾಯ್ಸ್ ಲವ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಪ್ರಕಾರಕ್ಕೆ ಇದು ಸೇರುತ್ತದೆ. ಕೈತೊ ತೋಗೊ ಎಂಬ ಈ ಕಾಲದ ಜಪಾನಿ ಹುಡುಗ ಪ್ಲಿಮತ್ ಬಂದರಿನಲ್ಲಿ ಕಾಲದ ಬಿರುಕೊಂದರೊಳಗೆ ಜಾರಿ, ರಾಣಿ ಎಲಿಜಬೆತ್‌ಳ ಇಂಗ್ಲೆಂಡಿಗೆ, ಸ್ಪೇನಿನ ಆರ್ಮಡಾ ದಂಡೆತ್ತಿ ಬರುವುದಕ್ಕೆ ತುಸು ಮುಂಚಿನ ದಿನಗಳಿಗೆ ಹೋಗಿ ಬೀಳುತ್ತಾನೆ. ಇತಿಹಾಸ ಓದಿಕೊಂಡ ಹುಡುಗನಾದ್ದರಿಂದ ಮುಂದಾಗುವುದೆಲ್ಲ ಅವನಿಗೆ ಗೊತ್ತು. ಆ ಕಾಲದವರ ಕಣ್ಣಿಗೆ ಅವನು ಭವಿಷ್ಯ ನುಡಿಯುವವನು. ‘ಗ್ಲೋರಿಯಾ’ ಹಡಗಿನ ನಾಯಕ ಜೆಫ್ರಿ ರಾಕ್‌ಫರ್ಡ್ ಅವನಿಗೆ ಆಸರೆ ಕೊಡುತ್ತಾನೆ, ಅವನನ್ನು ಪ್ರೀತಿಸುತ್ತಾನೆ. ಸ್ಪೇನಿನ ವಿಸೆಂಟೆ ಅವನನ್ನು ತನ್ನ ದೊರೆಯ ಪಾಲಿಗೆ ಸೆಳೆಯಲು ಹವಣಿಸುತ್ತಾನೆ. ಈ ಕಥೆಯನ್ನು ಮರೈನ್ ಎಂಟರ್‌ಟೈನ್‌ಮೆಂಟ್ ಸಂಸ್ಥೆ ಧ್ವನಿನಾಟಕದ ಸಿ.ಡಿ.ಗಳ ಸರಣಿಯಾಗಿ ಹೊರತಂದಿತು. ಕೈತೊನ ಪಾತ್ರಕ್ಕೆ ಫುಕುಯಾಮ ಜುನ್, ಜೆಫ್ರಿಯ ಪಾತ್ರಕ್ಕೆ ಸುವಾಬೆ ಜುನ್‌ಇಚಿ, ಅವನ ಸಂಗಾತಿ ನೈಜಲ್‌ನ ಪಾತ್ರಕ್ಕೆ ಕೊನಿಶಿ ಕತ್ಸುಯುಕಿ, ವಿಸೆಂಟೆಯ ಪಾತ್ರಕ್ಕೆ ಓಕಾವಾ ತೋರು ದನಿ ಕೊಟ್ಟರು.

ಈ ಪ್ರಕಾರದ ಹುಟ್ಟಿನ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಮತವಿಲ್ಲ. 1970ರ ದಶಕದಲ್ಲಿ ಹಗಿಯೊ ಮೊಟೊ, ಟಕೆಮಿಯ ಕೇಕೊ ಮುಂತಾದ ಲೇಖಕಿಯರು ಹುಡುಗಿಯರ ಚಿತ್ರಕಥೆಗಳಲ್ಲಿ ಹುಡುಗರಿಬ್ಬರ ಪ್ರೇಮವನ್ನು ಚಿತ್ರಿಸಿದರು. 1978ರಲ್ಲಿ ಆರಂಭವಾದ ಪತ್ರಿಕೆಯೊಂದು ಮುಂದೆ ‘ಜೂನ್’ ಎಂಬ ಹೆಸರಿನಲ್ಲಿ ಇಂಥ ಬರವಣಿಗೆಗೆ ನೆಲೆಯಾಯಿತು. ಕತೆಗಳು ಕ್ಯಾಸೆಟ್‌ಗೂ ಮುಂದೆ ಸಿ.ಡಿ.ಗೂ ಬಂದವು. ಬರೆಯುವವರೂ ಓದುವವರೂ ಬಹುಪಾಲು ಹೆಂಗಸರು. 1992ರಲ್ಲಿ ಸತೊ ಮಸಾಕಿ ಎತ್ತಿದ ಆಕ್ಷೇಪ, ಅಂದರೆ ಈ ಕಥೆಗಳಲ್ಲಿ ನಿಜವಾದ ಸಲಿಂಗಪ್ರೇಮಿ ಗಂಡಸರ ಬದುಕಿಗೆ ಸ್ಥಾನವೇ ಇಲ್ಲವೆಂಬ ಮಾತು, ದೀರ್ಘ ಚರ್ಚೆಗೆ ಕಾರಣವಾಯಿತು. ಭಾರತದ ನಗರಗಳಲ್ಲಿ ಇವುಗಳ ಓದು ಹೇಗೆ ನಡೆಯುತ್ತದೆ ಎಂಬುದರ ಮೇಲೆ ಲಕ್ಷ್ಮಿ ಮೆನನ್ ಬರೆದಿದ್ದಾರೆ. ಜೇಮ್ಸ್ ವೆಲ್ಕರ್ 2022ರಲ್ಲಿ ಸಂಪಾದಿಸಿದ, ಏಷ್ಯಾದ ದೇಶಗಳನ್ನು ಕುರಿತ ಸಂಪುಟದಲ್ಲಿ ಆ ಲೇಖನವಿದೆ. ಇಷ್ಟರ ಮಟ್ಟಿಗೆ ನೆಲ ಗಟ್ಟಿಯಾಗಿದೆ.

ತಕರಾರಿರುವುದು ಕಥೆ ನಡೆಯುವ ಸ್ಥಳದ ವಿಚಾರದಲ್ಲಿ. ಹಗಿಯೊ, ಟಕೆಮಿಯ ಅವರ ಆರಂಭದ ಕಥೆಗಳು ಯುರೋಪಿನ ವಸತಿಶಾಲೆಗಳಲ್ಲಿ ನಡೆಯುತ್ತವೆ. ಆ ಯುರೋಪು ಎರವಲಿನದು. ಓದುಗಿಗೆ ತನ್ನ ಸಮಾಜದ ಕಟ್ಟುಪಾಡುಗಳಿಂದ ದೂರ ನಿಂತು ಆಸೆಯನ್ನು ನೋಡುವ ಅವಕಾಶವನ್ನು ಅದು ಕೊಡುತ್ತದೆ. ವೆಲ್ಕರ್ ಅವರ 2006ರ ಲೇಖನ ಈ ನಿಟ್ಟಿನ ವಾದವನ್ನು ಸೂಕ್ಷ್ಮವಾಗಿ ಬೆಳೆಸುತ್ತದೆ. ಆ ಕೃತಿಗಳ ಮಟ್ಟಿಗೆ ಅದನ್ನು ಒಪ್ಪಬೇಕು. ಆದರೆ ಅದೇ ಮಾತನ್ನು ಪ್ರಕಾರದ ಎಲ್ಲ ಐತಿಹಾಸಿಕ ಕಥೆಗಳಿಗೂ ಚಾಚಿ, ಪರದೇಶವೆಂದರೆ ಪರದೆ, ಪಾತ್ರಗಳ ಹಿಂದೆ ಇಳಿಬಿಟ್ಟ ಬಣ್ಣದ ಬಟ್ಟೆ ಎಂದು ಸಾರಾಸಗಟಾಗಿ ಹೇಳುವ ರೂಢಿ ಬೆಳೆದಿದೆ. ‘ಫ್ಲೆಶ್ ಅಂಡ್ ಬ್ಲಡ್’ ಧ್ವನಿನಾಟಕದ ವಿಷಯದಲ್ಲಿ, ಅದನ್ನು ಗೋವೆಯಲ್ಲಿ ಕುಳಿತು ಕೇಳುವಾಗ, ಈ ರೂಢಿಯ ಮಾತು ನಿಲ್ಲುವುದಿಲ್ಲ ಎಂಬುದು ಇಲ್ಲಿನ ವಾದ.

ಮೊದಲಿಗೆ ಧ್ವನಿಯ ಸಾಕ್ಷ್ಯ. ಚಿತ್ರಕಥೆಯಲ್ಲಿ ಯುರೋಪು ಕಣ್ಣಿಗೆ ಕಾಣುವ ವಸ್ತು: ಹೊಂಗೂದಲು, ನೆರಿಗೆಯ ಕೊರಳಪಟ್ಟಿ, ಕಲ್ಲಿನ ಕಮಾನು. ಕಿವಿಗೆ ಇವೊಂದೂ ಇಲ್ಲ. ಇಂಗ್ಲಿಷರು, ಸ್ಪೇನಿನವರು, ಕಾಲ ದಾಟಿ ಬಂದ ಹುಡುಗ, ಎಲ್ಲರೂ ಮಾತಾಡುವುದು ಜಪಾನಿಯನ್ನೇ. ಹೀಗಾಗಿ ಪರದೇಶವೆಂಬ ಅಲಂಕಾರದ ಬಹುಪಾಲು ಉದುರಿಹೋಗಿ, ಹಡಗೊಂದು ಮತ್ತು ಅದರೊಳಗಿನ ದೂರ-ಹತ್ತಿರಗಳು ಉಳಿದುಕೊಳ್ಳುತ್ತವೆ. ಧ್ವನಿನಾಟಕ ತನ್ನ ಜಾಗವನ್ನು ಕಟ್ಟಿಕೊಳ್ಳುವುದೇ ಮೈಕಿನಿಂದ ನಟ ನಿಂತ ಅಂತರದಿಂದ. ಧಾರವಾಡ, ಬೆಂಗಳೂರು ಆಕಾಶವಾಣಿಯ ಬಾನುಲಿ ನಾಟಕ ಕೇಳಿ ಬೆಳೆದ ಕನ್ನಡಿಗರಿಗೆ ಈ ವ್ಯಾಕರಣ ಹೊಸದಲ್ಲ: ಮೈಕಿನಿಂದ ಹಿಂದೆ ಸರಿದವನು ಅಂಗಳದಲ್ಲಿದ್ದಾನೆ, ಹತ್ತಿರ ಬಂದವನು ಮನಸ್ಸಿನೊಳಗೆ ಮಾತಾಡುತ್ತಿದ್ದಾನೆ. ಕಡಲಿನ ಪ್ರೇಮಕಥೆಯಲ್ಲಿ ಈ ವ್ಯಾಕರಣಕ್ಕೆ ಹೊಸ ಭಾರ ಬೀಳುತ್ತದೆ. ಅಟ್ಟದ ಮೇಲಿನ ಕೂಗು ಎಲ್ಲರದು. ಕೋಣೆಯೊಳಗಿನ ಪಿಸುಮಾತು ಇಬ್ಬರದು. ಉಸಿರು ಕೇಳಿಸುವಷ್ಟು ಹತ್ತಿರ ಬಂದ ದನಿಯ ಪಕ್ಕದಲ್ಲೇ ಅಲೆಯ ಸದ್ದೂ ಇರುತ್ತದೆ. ಹಡಗಿನಲ್ಲಿ ಏಕಾಂತ ಎಷ್ಟು ದುರ್ಲಭ, ಎಷ್ಟು ಅಪಾಯದ್ದು ಎಂಬುದು ಹೇಳದೆಯೂ ಇದರಿಂದ ತಿಳಿಯುತ್ತದೆ.

ರುಡಾಲ್ಫ್ ಆರ್ನ್‌ಹೈಮ್ 1936ರ ತನ್ನ ರೇಡಿಯೊ ಗ್ರಂಥದಲ್ಲಿ ಕೇಳುಗನ ಕುರುಡುತನವನ್ನು ಕೊಂಡಾಡಿದ. ಧ್ವನಿನಾಟಕ ಸ್ವಯಂಪೂರ್ಣ ಕಲೆ. ಕೇಳುಗ ಮನಸ್ಸಿನಲ್ಲಿ ಚಿತ್ರ ಬಿಡಿಸಿಕೊಳ್ಳಬೇಕಾಗಿಲ್ಲ ಎಂಬುದು ಅವನ ನಿಲುವು. ಮೇಲಿನ ವಾದಕ್ಕೆ ಇದು ಒತ್ತಾಸೆಯಾದರೂ ಪೂರ್ತಿಯಾಗಿ ನೆಚ್ಚುವಂತಿಲ್ಲ. ಈ ಸಿ.ಡಿ.ಗಳಿಗೆ ಚಿತ್ರದ ಹೊದಿಕೆಯಿದೆ. ಕಾದಂಬರಿ ಓದಿದವರು ಅದರ ಚಿತ್ರಗಳಲ್ಲಿ ಜೆಫ್ರಿಯ ಮುಖವನ್ನು ಕಂಡಿರುತ್ತಾರೆ. ಜಪಾನಿ ತಿಳಿಯದ ಕೇಳುಗರು ಅನುವಾದದ ಪಠ್ಯವನ್ನು ಕಣ್ಣಮುಂದೆ ಇಟ್ಟುಕೊಂಡೇ ಕೇಳಬೇಕಾಗುತ್ತದೆ. ಆದ್ದರಿಂದ ಅಲಂಕಾರದ ಯುರೋಪು ಪೂರ್ಣ ಅಳಿಯುತ್ತದೆ ಎನ್ನಲಾಗದು. ಅದು ಹಿಂದೆ ಸರಿದು ಹಡಗು ಮುಂದೆ ಬರುತ್ತದೆ ಎಂಬಷ್ಟಕ್ಕೆ ಮಾತನ್ನು ಮಿತಗೊಳಿಸಬೇಕು.

ಹಡಗು ಮುಂದೆ ಬಂದ ಕೂಡಲೇ ಗೋವೆ ಚಿತ್ರದೊಳಗೆ ಬರುತ್ತದೆ. ಆರ್ಮಡಾವನ್ನು ಕಳಿಸಿದ ಎರಡನೆಯ ಫಿಲಿಪ್ 1580ರ ನಂತರ ಪೋರ್ಚುಗಲ್ಲಿಗೂ ದೊರೆಯಾದ, ಆ ಮೂಲಕ ಗೋವೆಗೂ ಒಡೆಯನಾದ. ವಿಸೆಂಟೆ ಸೇವೆ ಮಾಡುವ ದೊರೆಯ ಹೆಸರಿನಲ್ಲೇ ಮಾಂಡೋವಿಯ ದಡದಲ್ಲಿ ಆಡಳಿತ ನಡೆಯುತ್ತಿತ್ತು. ಇಂಗ್ಲಿಷರೂ ಇಲ್ಲಿ ಅಪರಿಚಿತರಲ್ಲ. ಮುಂದೆ ‘ಕ್ರಿಸ್ತಪುರಾಣ’ ರಚಿಸಿದ ಥಾಮಸ್ ಸ್ಟೀಫನ್ಸ್ 1579ರ ಏಪ್ರಿಲಿನಲ್ಲಿ ಲಿಸ್ಬನ್ ಬಿಟ್ಟು ಅಕ್ಟೋಬರ್ 24ಕ್ಕೆ ಗೋವೆ ಮುಟ್ಟಿದ. ಒಸಡು ಬಾತು ಕಾಲು ಊದುವ ಕಡಲಬೇನೆಯನ್ನೂ, ಪೂರ್ವ-ಪಶ್ಚಿಮದ ದೂರ ಅಳೆಯಲಾಗದ ನಾವಿಕರ ಕಷ್ಟವನ್ನೂ ತಂದೆಗೆ ಬರೆದ ಕಾಗದದಲ್ಲಿ ವಿವರಿಸಿದ. 1583ರಲ್ಲಿ ಹೊರ್ಮುಜ್‌ನಿಂದ ಸೆರೆಯಾಳಾಗಿ ಬಂದ ರಾಲ್ಫ್ ಫಿಚ್ ಮತ್ತು ಜೊತೆಗಾರರು ಬಿಡುಗಡೆಯಾಗಲು ನೆರವಾದವರಲ್ಲಿ ಈ ಸ್ಟೀಫನ್ಸ್ ಒಬ್ಬ.

ನಿರ್ಣಾಯಕವಾದ ಸಾಕ್ಷ್ಯ ಇವರಾರೂ ಅಲ್ಲ, ನಾಲ್ವರು ಜಪಾನಿ ಹುಡುಗರು. ಇತೊ ಮಾನ್ಸಿಯೊ, ಚಿಜಿವ ಮಿಗೆಲ್, ನಕಾವುರ ಜುಲಿಯನ್, ಹರ ಮಾರ್ಟಿನೊ. ಕ್ಯುಷು ದ್ವೀಪದ ಕ್ರೈಸ್ತ ಒಡೆಯರ ದೂತರೆಂದು, ಜೆಸ್ವಿಟ್ ಸಂದರ್ಶಕ ಅಲೆಸ್ಸಾಂಡ್ರೊ ವಲಿನ್ಯಾನೊನ ಯೋಜನೆಯಂತೆ, 1582ರ ಫೆಬ್ರವರಿಯಲ್ಲಿ ಇವರು ನಾಗಾಸಾಕಿ ಬಿಟ್ಟರು. ಮಕಾವ್, ಮಲಾಕ್ಕಾ, ಕೊಚ್ಚಿ, ಗೋವೆ ದಾಟಿ 1584ರ ಆಗಸ್ಟಿನಲ್ಲಿ ಲಿಸ್ಬನ್ ತಲುಪಿ, ಆ ವರ್ಷವೇ ಮ್ಯಾಡ್ರಿಡ್‌ನಲ್ಲಿ ಫಿಲಿಪ್‌ನನ್ನು, ಮರುವರ್ಷ ರೋಮಿನಲ್ಲಿ ಪೋಪ್‌ನನ್ನು ಕಂಡರು. 1586ರ ಏಪ್ರಿಲಿನಲ್ಲಿ ಲಿಸ್ಬನ್ನಿನಿಂದ ಹೊರಟ ಮರುಪಯಣ ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡು, 1587ರ ಮೇ 29ಕ್ಕೆ, ಮಳೆಗಾಲ ಬಂದರನ್ನು ಮುಚ್ಚುವ ಅಂಚಿನಲ್ಲಿ, ಗೋವೆ ಸೇರಿತು. ಜೂನ್ 4ರಂದು ಸೇಂಟ್ ಪಾಲ್ ಕಾಲೇಜಿನಲ್ಲಿ ಹರ ಮಾರ್ಟಿನೊ ಲ್ಯಾಟಿನ್‌ನಲ್ಲಿ ಭಾಷಣ ಮಾಡಿದ. ಆ ಭಾಷಣ 1588ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಕಾಲೇಜಿನ ಒಂದು ಕಮಾನು ಹಳೆ ಗೋವೆಯ ರಸ್ತೆಬದಿಯಲ್ಲಿ ಈಗಲೂ ನಿಂತಿದೆ. ಪೂರ್ವಕ್ಕೆ ಹೋಗುವ ಗಾಳಿಗಾಗಿ ಕಾದ ಹುಡುಗರು 1588ರ ಏಪ್ರಿಲಿನಲ್ಲಿ ಹೊರಟರು. ನಾಗಾಸಾಕಿ ಮುಟ್ಟಿದ್ದು 1590ರ ಜುಲೈನಲ್ಲಿ.

ಇನ್ನು ಹಡಗಿನ ಮಾತು. 1587ರ ಏಪ್ರಿಲಿನಲ್ಲಿ ಫ್ರಾನ್ಸಿಸ್ ಡ್ರೇಕ್ ಕಾಡಿಜ್ ಬಂದರಿನ ಮೇಲೆ ಬಿದ್ದು ಸ್ಪೇನಿನ ನೌಕೆಗಳನ್ನು ಸುಟ್ಟ; ಜೂನ್‌ನಲ್ಲಿ ಅಜೋರ್ಸ್ ದ್ವೀಪಗಳ ಬಳಿ ಪೂರ್ವದ ಸರಕು ಹೊತ್ತು ಮರಳುತ್ತಿದ್ದ ‘ಸಾವ್ ಫಿಲಿಪೆ’ ಎಂಬ ಭಾರೀ ಹಡಗನ್ನು ಹಿಡಿದ. ರಿಚರ್ಡ್ ಹ್ಯಾಕ್ಲೂಟ್ ಸಂಕಲಿಸಿದ ಸಮುದ್ರಯಾನದ ವರದಿಗಳಲ್ಲಿ ಈ ಪ್ರಸಂಗವಿದೆ, ಮತ್ತು ಅಲ್ಲೊಂದು ವಿವರವಿದೆ: ಇದೇ ಹಡಗು ಹೋಗುವಾಗ, ಯುರೋಪಿನಲ್ಲಿದ್ದ ಜಪಾನಿನ ಮೂವರು ರಾಜಕುಮಾರರನ್ನು ಇಂಡೀಸ್ ಕಡೆಗೆ ಒಯ್ದಿತ್ತು. ಎಣಿಕೆ ತಪ್ಪು, ಅವರು ನಾಲ್ವರು. ‘ರಾಜಕುಮಾರರು’ ಎಂಬುದೂ ಉತ್ಪ್ರೇಕ್ಷೆ. ಆದರೆ ಸೂಚಿತರಾದವರು ಹರ ಮಾರ್ಟಿನೊ ಮತ್ತು ಅವನ ಗೆಳೆಯರೇ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಇಂಗ್ಲೆಂಡ್ ಆಗ ಹಳೆಯ ಪಂಚಾಂಗವನ್ನೂ ಗೋವೆ ಹೊಸದನ್ನೂ ಅನುಸರಿಸುತ್ತಿದ್ದವು. ಎರಡನ್ನೂ ಹೊಸ ಪಂಚಾಂಗದ ಲೆಕ್ಕದಲ್ಲಿ ನೋಡಿದರೆ, ಹುಡುಗ ಗೋವೆಯಲ್ಲಿ ಭಾಷಣ ಮಾಡಿದ ತಿಂಗಳಲ್ಲೇ ಅವನನ್ನು ಹೊತ್ತಿದ್ದ ಹಡಗು ಡ್ರೇಕ್‌ನ ಕೈಸೇರಿತು.

ಈಗ ಕಥೆಗೆ ಮರಳಿದರೆ, ಅದರ ನೆಲೆಗಟ್ಟು ಬೇರೆಯಾಗಿ ತೋರುತ್ತದೆ. ಡ್ರೇಕ್‌ನ ಕಡಲಿನಲ್ಲಿ ಒಬ್ಬ ಜಪಾನಿ ಹುಡುಗ. ಅವನಿಗಾಗಿ ಇಂಗ್ಲೆಂಡ್-ಸ್ಪೇನ್‌ಗಳ ಎಳೆದಾಟ. ಇದನ್ನು ಕಾಲಯಾನದ ನೆಪವಿಲ್ಲದೆ ಸಾಧ್ಯವೇ ಆಗದ ಸಂಯೋಗವೆಂದು ಓದುವುದು ಸುಲಭ. ಆದರೆ ಆ ಕಡಲಿನಲ್ಲಿ ಜಪಾನಿ ಹುಡುಗರು ಇದ್ದರು, ಅದೇ ದೊರೆಯ ಆತಿಥ್ಯ ಪಡೆದಿದ್ದರು, ಅವರು ಕಾಲಿಟ್ಟ ಹಡಗನ್ನು ಡ್ರೇಕ್ ಹಿಡಿದಿದ್ದ. ಕಥೆಯ ಕಡಲು ಹೀಗಾಗಿ ಬರಿಯ ಪರದೆಯಲ್ಲ. ಜಪಾನಿನ ಸ್ವಂತ ಚರಿತ್ರೆ ಒಮ್ಮೆ ಹಾದುಹೋದ ನೀರು. ಗೋವೆಯ ಕೇಳುಗರಿಗೆ ಅದು ತಮ್ಮ ಊರಿನ ಬಂದರಿಗೂ ಹರಿದ ನೀರು.

ಈ ಮಾತಿಗೆ ಬೇಕಾದ ಎಚ್ಚರಿಕೆಗಳು ಹಲವು. ಲೇಖಕಿ ಹ್ಯಾಕ್ಲೂಟನ ಆ ಸಾಲನ್ನು ಕಂಡು ಕೈತೊನನ್ನು ಸೃಷ್ಟಿಸಿದರೆಂದು ಇಲ್ಲಿ ಸೂಚಿಸುತ್ತಿಲ್ಲ, ಸಾಮೀಪ್ಯವೇ ಸಂಬಂಧವಲ್ಲ. ನಾಲ್ವರು ದೂತರ ಕಥೆ ಜಪಾನಿನಲ್ಲಿ ಶಾಲೆಯ ಮಕ್ಕಳಿಗೂ ಪರಿಚಿತ, ಹಾಗಾಗಿ ಜಪಾನಿ ಕೇಳುಗರ ಮನಸ್ಸಿನ ಹಿನ್ನೆಲೆಯಲ್ಲಿ ಅದು ಇರಬಹುದು ಎಂಬಷ್ಟನ್ನು ಮಾತ್ರ ಊಹಿಸಬಹುದು. ದೂತರು ಪ್ರೇಮಿಗಳಲ್ಲ, ಧರ್ಮಕಾರ್ಯಕ್ಕೆ ಹೋದವರು. ಅವರ ಹೆಸರನ್ನು ಪ್ರೇಮಕಥೆಗೆ ಪುರಾವೆಯಾಗಿ ಬಳಸುವುದು ಅನ್ಯಾಯ. ಸಾಮ್ಯವಿರುವುದು ಪಯಣದ ರೇಖೆಯಲ್ಲಿ, ಮತ್ತು ಇನ್ನೊಂದು ಅನಿರೀಕ್ಷಿತ ಕಡೆ, ಕೇಳುವ ಕ್ರಮದಲ್ಲಿ.

ದೂತರ ಪ್ರವಾಸದ ವೃತ್ತಾಂತ 1590ರಲ್ಲಿ ಮಕಾವ್‌ನಲ್ಲಿ ಲ್ಯಾಟಿನ್ ಗ್ರಂಥವಾಗಿ ಅಚ್ಚಾಯಿತು. ವಲಿನ್ಯಾನೊನ ಯೋಜನೆ, ಡುವಾರ್ಟೆ ಡೆ ಸಾಂಡೆಯ ಲ್ಯಾಟಿನ್. ಅದರ ರೂಪ ಸಂಭಾಷಣೆ: ಮರಳಿ ಬಂದ ಮಿಗೆಲ್ ಹೇಳುತ್ತಾನೆ, ಊರು ಬಿಟ್ಟು ಹೋಗದ ಲಿಯೊ ಮತ್ತು ಲಿನೊ ಕೇಳುತ್ತಾರೆ, ನಡುನಡುವೆ ಪ್ರಶ್ನಿಸುತ್ತಾರೆ. ಬಿರುಗಾಳಿ, ಬಾಯಾರಿಕೆ, ಬೇರೆ ಬೇರೆ ಬಂದರು, ಎಲ್ಲವೂ ಅವರಿಗೆ ದನಿಯಾಗಿಯೇ ತಲುಪುತ್ತವೆ. ಮನೆಯಲ್ಲಿ ಕುಳಿತ ಜಪಾನಿ ಕೇಳುಗರಿಗೆ ಯುರೋಪಿನ ಕಡಲನ್ನು ಮಾತಿನಲ್ಲೇ ಕಟ್ಟಿಕೊಡುವ ಕೆಲಸ ಹೀಗೆ ಧ್ವನಿಮುದ್ರಣಕ್ಕಿಂತ ಮೂರು ಶತಮಾನ ಮುಂಚೆಯೇ ಆರಂಭವಾಗಿತ್ತು. ಇಲ್ಲೂ ಮಿತಿಯಿದೆ. ಸೆಮಿನರಿಯ ವಿದ್ಯಾರ್ಥಿಗಳಿಗಾಗಿ ಪಾದ್ರಿಗಳು ಬರೆದ ಪಠ್ಯವದು. ಮಿಗೆಲ್‌ನ ಬಾಯಲ್ಲಿ ಬರುವುದು ಮಿಗೆಲ್‌ನದೇ ಮಾತೆಂದು ನಂಬಲಾಗದು.

ಆ ಗ್ರಂಥದಲ್ಲೇ ಪ್ರಣಯದ ಸಾಹಸಕ್ಕೆ ತಡೆಯೊಡ್ಡುವ ಭಾಗವೊಂದಿದೆ. ಪರದೇಶಗಳಲ್ಲಿ ಗುಲಾಮರಾಗಿ ಮಾರಾಟವಾದ ಜಪಾನೀಯರನ್ನು ಕಂಡ ಸಂಕಟವನ್ನು ಪಾತ್ರಗಳು ಆಡಿಕೊಳ್ಳುತ್ತವೆ. ಈ ವ್ಯಾಪಾರವನ್ನು ಪೋರ್ಚುಗಲ್ಲಿನ ದೊರೆ 1570ರಲ್ಲೇ ನಿಷೇಧಿಸಿದ್ದರೂ ಅದು ನಿಲ್ಲಲಿಲ್ಲ. ಗೋವೆಯಲ್ಲೂ ಜಪಾನಿ ಗುಲಾಮರಿದ್ದರು. ಹಡಗಿನವರ ಕೈಗೆ ಸಿಕ್ಕಿ, ಒಬ್ಬ ಒಡೆಯನಿಂದ ಇನ್ನೊಬ್ಬನ ಬಳಿಗೆ ಸೆಳೆಯಲ್ಪಡುವ ಕೈತೊನ ಅವಸ್ಥೆಗೆ ದೂತರಿಗಿಂತ ಇವರ ಅವಸ್ಥೆ ಹತ್ತಿರದ್ದು. ಧ್ವನಿನಾಟಕ ಅವನ ಪರಾಧೀನತೆಯನ್ನು ಪ್ರೀತಿಯ ಕಡೆಗೆ ತಿರುಗಿಸುತ್ತದೆ. ಇದು ಪ್ರಕಾರದ ಹಕ್ಕು. ಆದರೆ ಸತೊ ಎತ್ತಿದ ಆಕ್ಷೇಪದ ಪಕ್ಕದಲ್ಲಿ ಈ ಇನ್ನೊಂದು ಗೈರುಹಾಜರಿಯನ್ನೂ ದಾಖಲಿಸಲೇಬೇಕು.

ಗಂಡಸರ ನಡುವಿನ ಪ್ರೇಮದ ವಿಷಯಕ್ಕೆ ಬಂದರೆ ಗೋವೆಯ ದಾಖಲೆ ತೀರ ಏಕಮುಖವಾದದ್ದು. ಇಲ್ಲಿ 1560ರಲ್ಲಿ ಸ್ಥಾಪನೆಯಾದ ಇಂಕ್ವಿಸಿಷನ್ ನ್ಯಾಯಪೀಠದ ವ್ಯಾಪ್ತಿಗೆ ಸಲಿಂಗಸಂಭೋಗವೂ ಬರುತ್ತಿತ್ತು. ಆದ್ದರಿಂದ ಇಂಥ ಸಂಬಂಧ ಕಾಗದಕ್ಕೆ ಬಂದರೆ ಬರುವುದು ಆಪಾದನೆಯಾಗಿ ಮಾತ್ರ, ದೂರು ಕೊಟ್ಟವನ ದನಿಯಲ್ಲಿ. ಪೀಠದ ವಿಚಾರಣಾ ಕಡತಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಾಶವಾದವು. ಇದ್ದಿರಬಹುದಾದ ಪಿಸುಮಾತನ್ನು ಮೈಕಿನ ಹತ್ತಿರಕ್ಕೆ ತರುವ ಕೆಲಸ ಕಲ್ಪನೆಯ ಪಾಲಿಗೆ ಉಳಿದಿದೆ. ಕಲ್ಪನೆ ಅದನ್ನು ಪುರಾವೆಯಾಗಿ ಮಾಡಲಾರದು. ಆದರೆ ಆಪಾದಕನ ದನಿಯೊಂದೇ ಉಳಿದಿರುವ ಕಡೆ ಇನ್ನೊಂದು ದನಿಗೆ ಎಷ್ಟು ಜಾಗ ಖಾಲಿಯಿದೆ ಎಂಬುದನ್ನು ಕೇಳಿಸಬಲ್ಲದು.

ಮುಂದಿನ ಕೆಲಸ ಎರಡು ಕಡೆ ಬಾಕಿಯಿದೆ. ಕಾದಂಬರಿಯಿಂದ ಧ್ವನಿನಾಟಕಕ್ಕೆ ಬರುವಾಗ ಸ್ಥಳವರ್ಣನೆಯ ಯಾವ ಭಾಗ ಸದ್ದಾಯಿತು, ಯಾವುದು ಬಿಟ್ಟುಹೋಯಿತು ಎಂಬುದನ್ನು ಸಂಪುಟ ಸಂಪುಟವಾಗಿ ಹೋಲಿಸಿದರಷ್ಟೇ ಹಡಗು ಮುಂದೆ ಬರುತ್ತದೆಂಬ ವಾದ ಪೂರ್ತಿ ಗಟ್ಟಿಯಾಗುತ್ತದೆ. ಎರಡನೆಯದು ಲಿಸ್ಬನ್ನಿನಲ್ಲಿದೆ. ಗೋವೆಯ ಮೊಕದ್ದಮೆಗಳ ಸೂಚಿಯನ್ನು ಜೊವಾವ್ ಡೆಲ್ಗಾಡೊ ಫಿಗೇರಾ 1623ರಲ್ಲಿ ಸಿದ್ಧಪಡಿಸಿದ, ಅದು ಅಲ್ಲಿ ಉಳಿದುಬಂದಿದೆ. ಅದರಲ್ಲಿ ನಾವಿಕರ ಮೇಲಿನ ಮೊಕದ್ದಮೆಗಳನ್ನು ಆಪಾದನೆಯ ಬಗೆಗೆ ಅನುಸಾರವಾಗಿ ಬೇರ್ಪಡಿಸಿ ಓದುವುದು ಪೋರ್ಚುಗೀಸ್ ಬಲ್ಲ ಸಂಶೋಧಕರಿಗೆ ಸಾಧ್ಯ.