ಶಾನನ್ ಟ್ರಸ್ಟ್
ಓದಬಲ್ಲ ಕೈದಿಗಳಿಂದಲೇ ಓದು ಬಾರದ ಕೈದಿಗಳಿಗೆ ಕಲಿಸುವ ಬ್ರಿಟನ್ನಿನ ಸೇವಾಸಂಸ್ಥೆ, ಸ್ಥಾಪನೆ 1997. ರೈತ ಕ್ರಿಸ್ಟೋಫರ್ ಮಾರ್ಗನ್ ಮತ್ತು ಜೀವಾವಧಿ ಕೈದಿ ಟಾಮ್ ಶಾನನ್ ಬರೆದುಕೊಂಡ ಪತ್ರಗಳು 'ಇನ್‌ವಿಸಿಬಲ್ ಕ್ರೈಯಿಂಗ್ ಟ್ರೀ' ಎಂಬ ಪುಸ್ತಕವಾದವು. ಅದರ ರಾಯಧನವೇ ಸಂಸ್ಥೆಯ ಮೂಲ ಬಂಡವಾಳ. ಮೊದಲು 'ಟೋ ಬೈ ಟೋ' ಕೈಪಿಡಿ, 2015ರಿಂದ ವಯಸ್ಕರಿಗೆಂದೇ ರೂಪಿಸಿದ 'ಟರ್ನಿಂಗ್ ಪೇಜಸ್'. ಪಾಠ ಒಬ್ಬರಿಗೊಬ್ಬರು, ಒಮ್ಮೆಗೆ ಸುಮಾರು 20 ನಿಮಿಷ ಮಾತ್ರ. ಶಾಲೆಯಲ್ಲಿ ಅವಮಾನ ಉಂಡು ತರಗತಿಯೆಂದರೆ ಹಿಂಜರಿಯುವವನೂ ತನ್ನಂಥ ಇನ್ನೊಬ್ಬ ಕೈದಿಯ ಎದುರು ತಡವರಿಸಲು ಅಷ್ಟಾಗಿ ನಾಚುವುದಿಲ್ಲ; ಪದ್ಧತಿಯ ನಿಜವಾದ ಬಲ ಇದೇ. ಓದು ಕೈಗೂಡಿದವನು ಮನೆಯಿಂದ ಬಂದ ಕಾಗದಕ್ಕೆ, ಜೈಲಿನ ಅರ್ಜಿಗೆ ಇನ್ನೊಬ್ಬರನ್ನು ಕಾಡಬೇಕಿಲ್ಲ. ಕಲಿಸುವವನಿಗೆ ದಕ್ಕುವುದು ಸೆರೆಯಲ್ಲಿ ಅಪರೂಪವಾದ ನಂಬಿಕೆಯ ಹೊಣೆ. ಆದರೆ ಇಬ್ಬರಲ್ಲಿ ಒಬ್ಬನಿಗೆ ವರ್ಗಾವಣೆಯಾದರೆ ಪಾಠ ನಡುವೆಯೇ ಕಡಿಯಬಹುದು.