ಪಣಜಿಯ ಸೇತಾರ್, ನಮ್ಮ ಅಟ್ಟದ ದಫ್

ಮೂರು ವರ್ಷದ ಹಿಂದೆ ನಮ್ಮೂರಿನ ಒಂದು ಮದುವೆಯಲ್ಲಿ ದಫ್ ತಂಡವನ್ನು ಪರಿಚಯಿಸಲು ನನ್ನ ಕೈಗೆ ಮೈಕ್ ಕೊಟ್ಟರು. "ಇದು ಪರ್ಷಿಯಾದ ವಾದ್ಯ, ನಮ್ಮ ಹಿರಿಯರು ಹಡಗಿನಲ್ಲಿ ತಂದದ್ದು" ಎಂದು ದೊಡ್ಡದಾಗಿ ಹೇಳಿಬಿಟ್ಟೆ. ಎಲ್ಲೋ ಓದಿದ್ದು, ಯಾರೋ ಹೇಳಿದ್ದು. ಅಲ್ಲಿ ಯಾರೂ ಪ್ರಶ್ನೆ ಮಾಡಲಿಲ್ಲ. ಮನೆಗೆ ಬಂದ ಮೇಲೆ ಬಾಪ ಮಾತ್ರ ಕೇಳಿದರು, "ರಸೀದಿ ಉಂಟಾ ನಿನ್ನ ಹತ್ತಿರ?"

ಬಾಪ ನಲವತ್ತು ವರ್ಷ ಜಿನಸಿ ಅಂಗಡಿ ನಡೆಸಿದವರು. ರಸೀದಿ ಇಲ್ಲದ ಸಾಮಾನು ಒಳಗೆ ತೆಗೆದುಕೊಳ್ಳುವವರಲ್ಲ. ನಾನು ನಕ್ಕು ಸುಮ್ಮನಾದೆ. ಆದರೆ ಆ ಮಾತು ಹೋಗಲಿಲ್ಲ, ಏಕೆಂದರೆ ನಮ್ಮ ಅಂಗಡಿಯ ಅಟ್ಟದಲ್ಲಿ ಅಜ್ಜನ ದಫ್ ಇದೆ. ಗೋಣಿಯಲ್ಲಿ ಸುತ್ತಿಟ್ಟದ್ದು, ಚರ್ಮ ಹರಿದದ್ದು.

ಕಳೆದ ವರ್ಷ ಒಂದು ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ಕೆಲಸಕ್ಕೆ ಪಣಜಿಗೆ ಹೋಗಿದ್ದೆ. ಮಂಗಳೂರಿನಿಂದ ರೈಲಿನಲ್ಲಿ ಕರ್ಮಾಲಿ, ಅಲ್ಲಿಂದ ಬಸ್ಸು. ಉಳಿದುಕೊಂಡದ್ದು ಫೊಂಟೈನ್ಹಾಸ್‌ನ ಒಂದು ಹಳೆ ಮನೆಯ ಬಾಡಿಗೆ ಕೋಣೆಯಲ್ಲಿ. ಮಗ್ರಿಬ್ ಕಳೆದು ಬರುವಾಗ ಜಗಲಿಯಿಂದ ತಂತಿಯ ಸದ್ದು ಕೇಳಿತು. ಸಿತಾರ್ ಎಂದುಕೊಂಡೆ, ಆದರೆ ಸಿತಾರಿನ ಝೇಂಕಾರ ಅದಕ್ಕಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಾತನಾಡುವವರಿಗೆ ತೊಂದರೆ ಆಗಬಾರದು ಎಂದು ನುಡಿಸಿದ ಹಾಗೆ, ಅಷ್ಟು ಸಣ್ಣ ದನಿ.

ನುಡಿಸುತ್ತಿದ್ದವರು ಶೀರಾಜಿನವರು. ಹಿಂದೆ ಪುಣೆಯಲ್ಲಿ ಓದಿದ್ದರಿಂದ ಹಿಂದಿ ಬರುತ್ತಿತ್ತು. ವಾದ್ಯದ ಹೆಸರು ಸೇತಾರ್. ಪಾರಸಿಯಲ್ಲಿ 'ಸೆ' ಎಂದರೆ ಮೂರು, 'ತಾರ್' ಎಂದರೆ ತಂತಿ. ಎಣಿಸಿದರೆ ನಾಲ್ಕಿತ್ತು. "ಭಾಯ್, ಒಂದು ಜಾಸ್ತಿ ಇದೆಯಲ್ಲ?" ಎಂದೆ. ನಾಲ್ಕನೆಯದನ್ನು ಸೇರಿಸಿದವರು ಮುಶ್ತಾಕ್ ಅಲಿ ಶಾ ಎಂಬ ಸೂಫಿ ಎಂಬುದು ಅವರಲ್ಲಿ ನಡೆದು ಬಂದ ಮಾತು, ಆ ತಂತಿಗೆ ಇಂದಿಗೂ ಮುಶ್ತಾಕ್ ಎಂದೇ ಹೆಸರು. 18ನೇ ಶತಮಾನದ ಕೊನೆಯಲ್ಲಿ ಕೆರ್ಮಾನ್ ಪಟ್ಟಣದಲ್ಲಿ ಆ ಸೂಫಿಯನ್ನು ಜನರು ಕಲ್ಲು ಹೊಡೆದು ಕೊಂದರು. ಸೇತಾರ್ ನುಡಿಸುತ್ತ ಕುರ್‌ಆನ್ ಓದಿದರು ಎಂಬುದು ಆರೋಪ. ವಾದ್ಯ ಆಗುತ್ತದೋ ಆಗುವುದಿಲ್ಲವೋ ಎಂಬ ಜಗಳ ನಮ್ಮ ಜಮಾಅತ್‌ನಲ್ಲಿ ಮಾತ್ರ ಇರುವುದು ಎಂದು ನಾನು ತಿಳಿದಿದ್ದೆ.

ಡಿಪ್ಲೊಮಾ ಮಾಡಿದವನ ಕಣ್ಣು ಜೋಡಣೆಯ ಮೇಲೆಯೇ ಹೋಗುತ್ತದೆ. ಸೇತಾರಿನ ಹೊಟ್ಟೆ ಹಿಪ್ಪುನೇರಳೆ ಮರದ್ದು, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಮೀಟುವುದು ಬಲಗೈ ತೋರುಬೆರಳಿನ ಉಗುರಿನಲ್ಲಿ. ಗಿಟಾರಿನಲ್ಲಿ ಸ್ವರದ ಮನೆಗಳಿಗೆ ಲೋಹದ ಪಟ್ಟಿ ಬಡಿದಿರುತ್ತಾರೆ, ಅಲುಗಿಸಲಾಗದು. ಇಲ್ಲಿ ಕುತ್ತಿಗೆಗೆ ಕರುಳಿನ ದಾರ ಸುತ್ತಿ ಗಂಟು ಹಾಕಿದ್ದಾರೆ, ಇಪ್ಪತ್ತೈದರಷ್ಟು. ಬೇಕಾದ ಸ್ವರಕ್ಕೆ ತಕ್ಕಂತೆ ಬೆರಳಿನಲ್ಲಿ ಸರಿಸಬಹುದು. ಹಾರ್ಮೋನಿಯಂನ ಎರಡು ಮನೆಗಳ ನಡುವೆ ಬಿದ್ದುಹೋಗುವ ಸ್ವರವೊಂದು ಅವರ ಸಂಗೀತಕ್ಕೆ ಬೇಕೇ ಬೇಕು, ಅದಕ್ಕಾಗಿ ಈ ಏರ್ಪಾಡು. ಆ ದಾರಕ್ಕೆ ಅವರು ಪರ್ದೆ ಎನ್ನುತ್ತಾರೆ. ನಮ್ಮ ಸಿತಾರಿನವರೂ ಪರ್ದಾ ಎನ್ನುತ್ತಾರೆ. ಕಿಟಕಿಗೆ ಹಾಕುವ ಪರದೆಯೂ ಅದೇ ಮಾತು. ಮಾಂಡವಿಯ ಉಪ್ಪುಗಾಳಿಗೆ ಕುಣಿಕೆ ಸಡಿಲವಾಗಿ ಅವರು ಹತ್ತು ನಿಮಿಷಕ್ಕೊಮ್ಮೆ ಶ್ರುತಿ ಮಾಡುತ್ತಿದ್ದರು. ಕೀಲುಗಳಿಗೆ ಮರದ ತಿಕ್ಕಾಟ ಬಿಟ್ಟರೆ ಬೇರೆ ಹಿಡಿತವೇ ಇಲ್ಲ. ಕರಾವಳಿಯಲ್ಲಿ ಇದು ಬಾಳುವ ಡಿಸೈನ್ ಅಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆಮೇಲೆ ನನ್ನ ಮೊಬೈಲಿನಲ್ಲಿದ್ದ ಅಜ್ಜನ ದಫ್‌ನ ಫೋಟೋ ತೋರಿಸಿದೆ. "ನಿಮ್ಮದೇ" ಎಂದೆ, ಹೆಮ್ಮೆಯಿಂದ. ಅವರು ದೊಡ್ಡದು ಮಾಡಿ ನೋಡಿ, "ಬಳೆಗಳು ಎಲ್ಲಿ?" ಎಂದರು. ಇರಾನಿನ ದಫ್ ದೊಡ್ಡದು, ಎದೆಯ ಮುಂದೆ ಎತ್ತಿ ಹಿಡಿದು ಬಾರಿಸುವಂಥದ್ದು. ಚೌಕಟ್ಟಿನ ಒಳಗಡೆ ಸುತ್ತಲೂ ಲೋಹದ ಬಳೆಗಳ ಸಾಲು ಇರುತ್ತದೆ, ಅಲುಗಿಸಿದರೆ ಮಳೆ ಬಂದ ಹಾಗೆ ಸದ್ದು. ಕುರ್ದಿಸ್ತಾನದ ಖಾನ್‌ಕಾಗಳಲ್ಲಿ ದರ್ವೇಶರು ಜಿಕ್ರ್‌ಗೆ ಬಾರಿಸುವುದು ಅದನ್ನೇ. ನಮ್ಮದು ಚಿಕ್ಕದು, ಆಡಿನ ಚರ್ಮ, ಬಳೆ ಇಲ್ಲ. ಅವರು ಬೇಸರ ಮಾಡಲಿಲ್ಲ, "ಚೆನ್ನಾಗಿದೆ, ಆದರೆ ನಮ್ಮದಲ್ಲ" ಎಂದರು. ಮದುವೆ ಮನೆಯ ಮೈಕ್ ನೆನಪಾಗಿ ನನ್ನ ಕಿವಿ ಬಿಸಿಯಾಯಿತು.

ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹೊಳೆಬದಿಯಲ್ಲಿ ನಡೆದೆ. ಅಬ್ಬೆ ಫಾರಿಯಾ ಪ್ರತಿಮೆಯ ಪಕ್ಕದಲ್ಲಿ ಹಳೆ ಸೆಕ್ರೆಟೇರಿಯಟ್ ಇದೆ. ಅದಕ್ಕೆ ಆದಿಲ್ ಶಾ ಅರಮನೆ ಎಂದೂ ಹೆಸರು. 1500ರ ಸುಮಾರಿಗೆ ಬಿಜಾಪುರದ ಯೂಸುಫ್ ಆದಿಲ್ ಶಾ ಕಟ್ಟಿಸಿದ್ದು. ಆಮೇಲೆ ಪೋರ್ಚುಗೀಸ್ ವೈಸ್‌ರಾಯ್‌ಗಳು ಅದರಲ್ಲಿದ್ದರು, ಗೋವಾದ ವಿಧಾನಸಭೆಯೂ 2000ದ ತನಕ ಅಲ್ಲೇ ಇತ್ತು. ಈ ಯೂಸುಫ್ ಬೆಳೆದದ್ದು ಇರಾನಿನ ಸಾವೆ ಪಟ್ಟಣದಲ್ಲಿ ಎಂದು ಬಿಜಾಪುರದಲ್ಲಿ ಕೂತು ಚರಿತ್ರೆ ಬರೆದ ಫೆರಿಷ್ತಾ ಹೇಳುತ್ತಾನೆ. ಪೋರ್ಚುಗೀಸರ ಬಾಯಲ್ಲಿ ಅವನು 'ಸಬಾಯೊ' ಆದದ್ದು ಆ ಊರಿನಿಂದಲೇ. ಫೆರಿಷ್ತಾ ಇನ್ನೊಂದು ಮಾತು ಬರೆದಿದ್ದಾನೆ: ಯೂಸುಫ್‌ಗೆ ಸಂಗೀತದಲ್ಲಿ ಒಳ್ಳೆಯ ಪಾಂಡಿತ್ಯವಿತ್ತು, ಎರಡು ಮೂರು ವಾದ್ಯ ತಾನೇ ನುಡಿಸುತ್ತಿದ್ದ. ಹಾಗಾದರೆ ಪಣಜಿಯ ಹೊಳೆಬದಿಗೆ ಪಾರಸಿ ತಂತಿಯ ಸದ್ದು ಹೊಸದಲ್ಲ. 1510ರಲ್ಲಿ ಆಲ್ಬುಕರ್ಕ್ ಗೋವಾ ಹಿಡಿದ, ಯೂಸುಫ್ ಅದೇ ವರ್ಷ ತೀರಿಕೊಂಡ.

ಆ ಮನೆತನದ ಸಂಗೀತ ಅಲ್ಲಿಗೆ ನಿಲ್ಲಲಿಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾ (1580–1627) ತನ್ನ ತಂಬೂರಕ್ಕೆ ಮೋತಿಖಾನ್ ಎಂದು ಮನುಷ್ಯರ ಹಾಗೆ ಹೆಸರಿಟ್ಟಿದ್ದ. ಅವನ 'ಕಿತಾಬೆ ನವ್ರಸ್'ನಲ್ಲಿ 59 ಹಾಡುಗಳಿವೆ, ಭಾಷೆ ದಖನಿ, ಆರಂಭದಲ್ಲೇ ಸರಸ್ವತಿ. ಅದಕ್ಕೆ ಮುನ್ನುಡಿ ಬರೆದದ್ದು ಇರಾನಿನಿಂದ ಬಂದ ಕವಿ ಜುಹೂರಿ, ಪಾರಸಿಯಲ್ಲಿ. ಅವನು ತಂಬೂರ ನುಡಿಸುತ್ತಿರುವ ಚಿತ್ರ ಇಂದು ಪ್ರಾಗ್‌ನ ಮ್ಯೂಸಿಯಂನಲ್ಲಿದೆ. ನಮ್ಮ ಕನ್ನಡ ನೆಲದ ಅರಸನನ್ನು ನೋಡಲು ಅಷ್ಟು ದೂರ ಹೋಗಬೇಕು. ನಗಾರಿ, ಶಹನಾಯಿ ಎಂಬ ಮಾತುಗಳೂ ಪಾರಸಿಯ ದರ್ಬಾರಿನ ದಾರಿಯಿಂದಲೇ ನಮ್ಮ ಬಾಯಿಗೆ ಬಂದವು. ಬಾಪನ ಲೆಕ್ಕದ ಪುಸ್ತಕದ ಜಮಾ, ಖರ್ಚು, ಬಾಕಿ ಕೂಡ ಹಾಗೆಯೇ. ಅವರು ಕೇಳಿದ 'ರಸೀದಿ' ಇದೆಯಲ್ಲ, ಅದು ಅಪ್ಪಟ ಪಾರಸಿ.

ಆದರೆ ಅದು ಘಟ್ಟದ ಮೇಲಿನ ದಾರಿ. ನಮ್ಮದು ಕಡಲಿನ ದಾರಿ. 1342ರ ಸುಮಾರಿಗೆ ಮಂಗಳೂರಿಗೆ ಬಂದ ಇಬ್ನ್ ಬತೂತಾ ಇಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರಿದ್ದರು, ಕಾಜಿ ಶಾಫಿಯವರು, ಫಾರ್ಸ್ ಮತ್ತು ಯಮನಿನ ವ್ಯಾಪಾರಿಗಳು ಇಳಿಯುವ ಬಂದರು ಇದು ಎಂದು ಬರೆದಿದ್ದಾನೆ. ಫಾರ್ಸ್ ಅಂದರೆ ಆ ಶೀರಾಜಿನ ಸೀಮೆಯೇ. ನೂರು ವರ್ಷದ ಬಳಿಕ, 1443ರಲ್ಲಿ, ಹೆರಾತಿನ ರಾಯಭಾರಿ ಅಬ್ದುರ್ರಜಾಕ್ ಕೂಡ ವಿಜಯನಗರಕ್ಕೆ ಹೋಗುವಾಗ ಮಂಗಳೂರಿನಲ್ಲೇ ಇಳಿದ. ಹಾಗಾಗಿ ಪಾರಸಿಯವರು ನಮ್ಮ ದಕ್ಕೆಗೆ ಬಂದದ್ದು ನಿಜ. ಅಷ್ಟರಿಂದ ದಫ್ ಅವರದ್ದು ಎಂದು ಹೇಳುವುದು ತಪ್ಪು. ಅರಬಿಯಲ್ಲಿ ಅದು ದುಫ್, ಹೀಬ್ರೂವಿನಲ್ಲಿ ತೋಫ್. ಮಾತಿನ ಬೇರು ಆ ಕಡೆಯದು. ನಿಕಾಹ್ ಆದದ್ದು ಊರಿಗೆ ಗೊತ್ತಾಗಲು ದುಫ್ ಬಾರಿಸುವ ವಿಷಯ ಹದೀಸ್‌ಗಳಲ್ಲೇ ಬರುತ್ತದೆ. ನಮ್ಮ ಕರಾವಳಿಯ ರಾತೀಬ್‌ನಲ್ಲಿ ದಫ್ ಹಿಡಿಯುವುದು ರಿಫಾಯಿ ತರೀಖತ್‌ನವರು, ಆ ತರೀಖತ್‌ನ ಶೇಖ್ ಅಹ್ಮದ್ ರಿಫಾಯಿ 1182ರಲ್ಲಿ ತೀರಿಕೊಂಡದ್ದು ಇರಾಕಿನಲ್ಲಿ. ಮೈಕ್ ಹಿಡಿದು ನಾನು ಹೇಳಿದ್ದಕ್ಕೆ ರಸೀದಿ ಇಲ್ಲ. ಆ ಮದುವೆಯಲ್ಲಿ ಕೇಳಿದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ತಿದ್ದಿಕೊಳ್ಳಿ.

ಊರಿಗೆ ಬಂದ ರಾತ್ರಿ ಬಾಪನಿಗೆ ಇಷ್ಟೂ ಹೇಳಿದೆ. ಅವರು ಶಟರ್ ಅರ್ಧ ಇಳಿಸಿ, ಏಣಿ ಹತ್ತಿ ಎಂದರು. ಗೋಣಿ ಬಿಚ್ಚಿ ಟೇಪ್ ಹಿಡಿದೆ: ಅಡ್ಡಗಲ ಹನ್ನೊಂದು ಇಂಚು. ಹಲಸಿನ ಮರದ ಚೌಕಟ್ಟು, ಎಲ್ಲೂ ಹುಳ ಹಿಡಿದಿಲ್ಲ. ಒಳಗಡೆ ಬಳೆ ಸಿಕ್ಕಿಸಿದ ಗುರುತೂ ಇಲ್ಲ, ಕೈ ಹಾಕಿ ಸುತ್ತಲೂ ನೋಡಿದೆ. ರಾತೀಬ್‌ಗೆ ಮುಂಚೆ ಅಜ್ಜ ತೆಂಗಿನ ಗರಿಯ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡುತ್ತಿದ್ದರು ಎಂದು ಬಾಪ ಹೇಳಿದರು, ಒಂದು ಬದಿಯ ಮರ ಕಪ್ಪಾದದ್ದು ಅದರಿಂದ.

"ಚರ್ಮ ಹಾಕುವ ಉಸ್ತಾದ್ ಒಬ್ಬರು ಇದ್ದಾರೆ, ಈಗ ಕಣ್ಣು ಅಷ್ಟು ಕಾಣುವುದಿಲ್ಲ ಅವರಿಗೆ" ಎಂದರು ಬಾಪ. ಸ್ವಲ್ಪ ಹೊತ್ತು ಬಿಟ್ಟು, "ಶುಕ್ರವಾರ ಜುಮಾ ಕಳೆದು ಹೋಗುವ. ನೀನು ಬೈಕ್ ತೆಗೆ" ಎಂದರು.